ಶಿರಸಿಯ ಹಂಚಿನ ಮಹಡಿಯೋ, ಕಾರವಾರದ ಆರ್‌ಸಿಸಿ ಕೋಣೆಯೋ? ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಮರಿ ಮಾಡಿಸಲು ಯಾವುದು ಸರಿ?

ಹಂಚಿನಮಾಡು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ವಿದೇಶಿ ಹಾವುಗಳಿಗೆಂದೇ ಒಂದು ಕೋಣೆ ಬಿಡಬೇಕು ಅಂತಿದೆ. ಜಾಗ ಎರಡಿದೆ, ದುಡ್ಡು ಹಾಕಬೇಕಾದ್ದು ಒಂದಕ್ಕೆ.

ಮೊದಲನೆಯದು ಶಿರಸಿಯಿಂದ ಸಿದ್ದಾಪುರದ ಬದಿಗೆ ತೋಟದ ಮನೆಯ ಮಹಡಿ. 10×12 ಅಡಿ, ಚಿರೇಕಲ್ಲು ಗೋಡೆ, ಮಂಗಳೂರು ಹಂಚು, ಸೀಲಿಂಗ್ ಇಲ್ಲ, ಹಲಗೆ ನೆಲ. ಪಕ್ಕದ ಅಟ್ಟದಲ್ಲಿ ಅಡಿಕೆ ಚೀಲ ಇಡ್ತಾರೆ, ಹಾಗಾಗಿ ಇಲಿ ಓಡಾಟ ಇದ್ದದ್ದೇ. ಎರಡನೆಯದು ಕಾರವಾರದಲ್ಲಿ, ಸಮುದ್ರದಿಂದ ಸುಮಾರು ಒಂದು ಕಿಲೋಮೀಟರ್ ಒಳಗೆ. ಆರ್‌ಸಿಸಿ ಮನೆಯ ಮೇಲಿನ ಮಹಡಿ, 10×11, ಪಶ್ಚಿಮಕ್ಕೆ ಕಿಟಕಿ, ತಲೆಯ ಮೇಲೆ ನೇರ ಸ್ಲ್ಯಾಬ್.

ಬಾಲ್ ಪೈಥಾನ್ ಎರಡು ಗಂಡು, ನಾಲ್ಕು ಹೆಣ್ಣು. ಕಾರ್ನ್ ಸ್ನೇಕ್ ಒಂದು ಗಂಡು, ಎರಡು ಹೆಣ್ಣು. ನೆಟ್‌ನಲ್ಲಿ ಸಿಗುವ ಮಾಹಿತಿಯೆಲ್ಲ ಒಣ ಹವೆಯ, ಚಳಿ ದೇಶದವರದ್ದು: ತೇವ ಹೆಚ್ಚು ಮಾಡುವುದು ಹೇಗೆ, ಬಿಸಿ ಹೆಚ್ಚು ಮಾಡುವುದು ಹೇಗೆ ಅಂತ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೇ ಬೂಸ್ಟು ಬರುತ್ತದೆ. ಯಾವ ಕೋಣೆ, ರ‍್ಯಾಕ್ (ಹಾವಿನ ಟಬ್‌ಗಳನ್ನು ಡ್ರಾಯರ್‌ನಂತೆ ಇಡುವ ಕಪಾಟು) ಯಾವುದರಲ್ಲಿ ಮಾಡಿಸುವುದು, ಕರೆಂಟ್ ಹೋದರೆ ಎಷ್ಟು ಬ್ಯಾಟರಿ ಬೇಕು, ಮೊಟ್ಟೆ ಎಲ್ಲಿಡುವುದು, ಗೊತ್ತಿದ್ದವರು ಹೇಳಿ.

---

ಘಟ್ಟದಮೇಲೆ ಅವರ ಉತ್ತರ

ಕೋಣೆ ಆರಿಸುವಾಗ ಎರಡು ಹೊತ್ತು ನೋಡಿದರೆ ಸಾಕು. ಏಪ್ರಿಲ್ ಕೊನೆಯ ಮಧ್ಯಾಹ್ನ ಮೂರು ಗಂಟೆ, ಮತ್ತೆ ಜುಲೈನ ಬೆಳಗಿನ ಜಾವ. ಉಳಿದ ದಿನಗಳಲ್ಲಿ ಎಂಥ ಕೋಣೆಯೂ ನಡೆಯುತ್ತದೆ. ನನ್ನ ಮತ ಶಿರಸಿಗೆ, ಸೀಲಿಂಗ್ ಹಾಕಿಸಲು ಒಪ್ಪುವುದಾದರೆ ಮಾತ್ರ.

ಯಾಕೆ ಅಂದರೆ ತೇವದ ಲೆಕ್ಕ. ಜುಲೈನಲ್ಲಿ ಘಟ್ಟದ ಮೇಲೆ ಹೊರಗಿನ ಗಾಳಿ 22 ಡಿಗ್ರಿ, ತೇವ ಶೇ. 95 ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು ಒಳಗೆ 27 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರು ತೆಗೆಯದೆಯೂ ತೇವ ಶೇ. 71ರ ಸುಮಾರಿಗೆ ಇಳಿಯುತ್ತದೆ. ಬಿಸಿ ಗಾಳಿ ಹೆಚ್ಚು ನೀರು ಹಿಡಿದುಕೊಳ್ಳಬಲ್ಲದು, ಅಷ್ಟೇ. ಬಾಲ್ ಪೈಥಾನ್‌ಗೆ ಕೋಣೆ 26-27 ಡಿಗ್ರಿ ಹೇಗೂ ಬೇಕು, ಹಾಗಾಗಿ ಹಾವಿಗೆ ಕೊಡುವ ಬಿಸಿಯೇ ಕೋಣೆಯನ್ನೂ ಒಣಗಿಸುತ್ತದೆ. ಕಾರವಾರದಲ್ಲಿ ಅದೇ ಜುಲೈ ಗಾಳಿ 27 ಡಿಗ್ರಿ, ಶೇ. 90. ಅದನ್ನು 30ಕ್ಕೆ ಕಾಯಿಸಿದರೂ ಶೇ. 76ಕ್ಕಿಂತ ಕೆಳಗೆ ಬರುವುದಿಲ್ಲ, ಅದಕ್ಕಿಂತ ಮೇಲೆ ಕೋಣೆ ಕಾಯಿಸುವ ಹಾಗಿಲ್ಲ. ಅಲ್ಲಿ ಯಂತ್ರ ಇಟ್ಟು ನೀರು ತೆಗೆಯಲೇಬೇಕು.

ತೇವವೊಂದರಿಂದಲೇ ಹಾವಿಗೆ ರೋಗ ಬರುವುದಿಲ್ಲ. ಒದ್ದೆಯೂ ತಂಪೂ ಒಟ್ಟಿಗೆ ಆದಾಗ ಬರುತ್ತದೆ. ಬಾಯಿ ತುದಿಯಲ್ಲಿ ನೊರೆ, ಉಸಿರಿನಲ್ಲಿ ಸೀಟಿ, ತಲೆ ಮೇಲೆತ್ತಿ ಕೂರುವುದು ಶ್ವಾಸಕೋಶದ ಸೋಂಕಿನ ಲಕ್ಷಣ. ಹೊಟ್ಟೆಯ ಹುರುಪೆ ಕಂದಾಗಿ ಗುಳ್ಳೆ ಬಂದರೆ ಒದ್ದೆ ಹಾಸಿನ ಮೇಲೆ ದಿನಗಟ್ಟಲೆ ಮಲಗಿದೆ ಅಂತ ಅರ್ಥ.

ಈಗ ಮಹಡಿ ವಿಷಯ. ಹಂಚಿನ ಕೆಳಗೆ ಕನಿಷ್ಠ ಒಂದಡಿ ಗಾಳಿ ಜಾಗ ಬಿಟ್ಟು ಪಿವಿಸಿ ಪ್ಯಾನಲ್ ಸೀಲಿಂಗ್ ಹಾಕಿಸಿ. ಜಿಪ್ಸಂ ಬೇಡವೇ ಬೇಡ, ಎರಡನೇ ಮಳೆಗಾಲಕ್ಕೆ ಜೋತು ಬೀಳುತ್ತದೆ. ಪ್ಯಾನಲ್ ಮೇಲೆ 50 ಮಿಮೀ ಥರ್ಮೋಕೋಲ್, ಅದರ ಮೇಲೆ 6 ಮಿಮೀ ಕಣ್ಣಿನ ವೆಲ್ಡ್ ಮೆಶ್. ಮೆಶ್ ಬಿಟ್ಟರೆ ಅಡಿಕೆ ಅಟ್ಟದ ಇಲಿಗಳು ಥರ್ಮೋಕೋಲನ್ನು ಕೊರೆದು ಗೂಡು ಮಾಡುತ್ತವೆ, ಇಲಿ ಹಿಂದೆ ಕೇರೆ ಬರುತ್ತದೆ. ಹಂಚಿನ ಜಾಗದ ಗಾಳಿ ಮೇಲೆ ಹೋಗಲು ಎರಡೂ ತುದಿಯಲ್ಲಿ ಜಾಲರಿ ಹಾಕಿದ ಕಿಂಡಿ ಇರಲಿ. ಬೇಸಿಗೆಯಲ್ಲಿ ಕೋಣೆ ತಂಪಾಗಿರುವುದು ಅದರಿಂದಲೇ, ಥರ್ಮೋಕೋಲ್‌ನಿಂದ ಅರ್ಧ ಕೆಲಸ ಮಾತ್ರ.

ಹಲಗೆ ನೆಲದ ಮೇಲೆ ಒಂದೇ ತುಂಡಿನ ವಿನೈಲ್ ಹಾಸು ಹಾಕಿ, ಅಂಚನ್ನು ಗೋಡೆಗೆ 10 ಸೆಂಮೀ ಮೇಲೆತ್ತಿ ಸಿಲಿಕಾನ್ ಹಾಕಿ. ಕಾರ್ನ್ ಸ್ನೇಕ್ ಮರಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಚಿರೇಕಲ್ಲಿನ ಗೋಡೆಯಲ್ಲಿ ವೈರಿಂಗ್‌ಗೆ ಕೊರೆದ ತೂತು, ಕಿಟಕಿ ಚೌಕಟ್ಟಿನ ಹಿಂಬದಿ, ಬಾಗಿಲ ಅಡಿ, ಎಲ್ಲ ಮುಚ್ಚಿ. ರ‍್ಯಾಕ್ ತೊಲೆಯ ಮೇಲೆ ಬರುವಂತೆ ನಿಲ್ಲಿಸಿ, ಎರಡು ತೊಲೆ ನಡುವಿನ ಹಲಗೆ ಮೇಲಲ್ಲ. ಮಳೆ ಹೊಡೆಯುವ ಪಡುವಣ, ತೆಂಕಣ ಗೋಡೆ ಬಿಟ್ಟು ಒಳಗೋಡೆ ಬದಿಗೆ ಇಡಿ, ಗೋಡೆಯಿಂದ 15 ಸೆಂಮೀ ದೂರ.

ಕೋಣೆ ಕಾಯಿಸಲು ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಒಳ್ಳೆಯದು. ಕೆಂಪಗೆ ಉರಿಯುವ ಕಾಯಿಲ್‌ನದು ಬೇಡ, ಧೂಳು, ಕಾಗದ ಹತ್ತಿರ ಇದ್ದರೆ ಅಪಾಯ. ಹೀಟರ್‌ನಲ್ಲಿರುವ ಗುಂಡಿಯನ್ನು ನಂಬಬೇಡಿ, ಬೇರೆ ಥರ್ಮೋಸ್ಟ್ಯಾಟ್ (ಬಿಸಿ ನೋಡಿಕೊಂಡು ಕರೆಂಟ್ ಕಡಿಯುವ ಸಾಧನ) 27ಕ್ಕೆ ಕಡಿಯುವ ಹಾಗಿರಲಿ. ಎಕ್ಸಾಸ್ಟ್ ಫ್ಯಾನ್ 6 ಇಂಚಿನದು, ಟೈಮರ್ ಹಾಕಿ ಗಂಟೆಗೆ ಹತ್ತು ನಿಮಿಷ ಓಡಿದರೆ ಸಾಕು. ಇಡೀ ದಿನ ಓಡಿಸಿದರೆ ಕಾಯಿಸಿದ ಗಾಳಿಯೆಲ್ಲ ಹೊರಗೆ ಹೋಗಿ ಹೊರಗಿನ ಒದ್ದೆ ಒಳಗೆ ಬರುತ್ತದೆ.

ಒಂದು ತೊಡಕು ಇದೆ. ಕಾರ್ನ್ ಸ್ನೇಕ್‌ಗೆ ಡಿಸೆಂಬರ್ ಮಧ್ಯದಿಂದ ಎಂಟು ವಾರ ತಂಪು ಸಿಕ್ಕರೆ ಗರ್ಭ ಚೆನ್ನಾಗಿ ನಿಲ್ಲುತ್ತದೆ. ಅದೇ ಹೊತ್ತಿಗೆ ಬಾಲ್ ಪೈಥಾನ್‌ಗೆ ರಾತ್ರಿ 24ಕ್ಕಿಂತ ಕೆಳಗೆ ಹೋಗಬಾರದು. ಒಂದೇ ಕೋಣೆಯಲ್ಲಿ ಎರಡೂ ಆಗುವುದಿಲ್ಲ. ಚಳಿಗಾಲಕ್ಕೆ ಕಾರ್ನ್ ರ‍್ಯಾಕನ್ನು ಕೆಳಗಿನ ಕತ್ತಲೆ ಕೋಣೆಗೆ ಇಳಿಸಿ. ಶಿರಸಿಯಲ್ಲಿ ಹಂಚಿನ ಮನೆಯ ಒಳಕೋಣೆ ಆ ದಿನಗಳಲ್ಲಿ 17ರಿಂದ 21ರೊಳಗೆ ಇರುತ್ತದೆ. ಪುಸ್ತಕದ 10-13 ಡಿಗ್ರಿ ಅಲ್ಲ, ಆದರೂ ನಡೆಯುತ್ತದೆ. ಇಳಿಸುವ ಎರಡು ವಾರ ಮೊದಲೇ ಆಹಾರ ನಿಲ್ಲಿಸಿ, ಇಲ್ಲದಿದ್ದರೆ ತಂಪಿನಲ್ಲಿ ಹೊಟ್ಟೆಯಲ್ಲಿರುವುದು ಕೊಳೆಯುತ್ತದೆ. ನೀರು ಮಾತ್ರ ತಪ್ಪಬಾರದು.

---

ಕಾಳಿದಂಡೆ ಅವರ ಉತ್ತರ

ಮೇಲಿನವರ ಲೆಕ್ಕ ಸರಿ, ತೀರ್ಪು ಸ್ವಲ್ಪ ಏಕಪಕ್ಷ ಆಯಿತು ಮಾರಾಯ್ರೆ. ದಿನಕ್ಕೆರಡು ಸಲ ನೋಡುವ ಜನ ಯಾವ ಮನೆಯಲ್ಲಿ ಇರ್ತಾರೋ ಆ ಮನೆಯೇ ಸರಿ. ವಾರಕ್ಕೊಮ್ಮೆ ಹೋಗಿ ಬರುವ ತೋಟದ ಮನೆಯಲ್ಲಿ ಎಷ್ಟು ಒಳ್ಳೆ ಸೀಲಿಂಗ್ ಇದ್ದೂ ಉಪಯೋಗ ಇಲ್ಲ. ಕಾರವಾರ ಆರಿಸಿದರೆ ಏನು ಬೇಕು ಅಂತ ಬರೀತೇನೆ, ವಿದ್ಯುತ್ ವಿಷಯ ಎರಡು ಕಡೆಗೂ ಒಂದೇ.

ಸ್ಲ್ಯಾಬ್ ಕೆಳಗಿನ ಕೋಣೆ ಏಪ್ರಿಲ್ ಮಧ್ಯಾಹ್ನ 35 ದಾಟುತ್ತದೆ, ರಾತ್ರಿ ಹತ್ತಕ್ಕೂ ಸ್ಲ್ಯಾಬ್ ಬಿಸಿ ಬಿಡುತ್ತಿರುತ್ತದೆ. ಇಡೀ ಕೋಣೆಯೇ 34-35ರಲ್ಲಿದ್ದರೆ ಹಾವಿಗೆ ತಪ್ಪಿಸಿಕೊಳ್ಳಲು ತಂಪು ತುದಿಯೇ ಇರುವುದಿಲ್ಲ, ಸಾಯುವುದು ಚಳಿಗಲ್ಲ, ಇದಕ್ಕೆ. ಟೆರೇಸ್‌ಗೆ ಬಿಳಿ ಕೂಲ್ ರೂಫ್ ಬಣ್ಣ ಹೊಡೆಸಿ, ಸ್ಲ್ಯಾಬ್ ಮೇಲೆ ತಗಡಿನ ಚಪ್ಪರ ಹಾಕಿಸಿದರೆ ಇನ್ನೂ ಒಳ್ಳೆಯದು. ನಮ್ಮ ಊರಲ್ಲಿ ಮಳೆಗೆಂದು ಹೇಗೂ ಹಾಕಿಸ್ತಾರೆ. ಪಶ್ಚಿಮದ ಕಿಟಕಿಯನ್ನು ಹೊರಗಿನಿಂದ ಮುಚ್ಚಿ, ಒಳಗಿನ ಪರದೆಯಿಂದ ಬಿಸಿಲು ನಿಲ್ಲುವುದಿಲ್ಲ. ಒಂದು ಟನ್ ಇನ್ವರ್ಟರ್ ಎಸಿ, 27ಕ್ಕೆ ಇಟ್ಟು, ಗಾಳಿ ರ‍್ಯಾಕ್ ಮೇಲೆ ನೇರ ಬೀಳದ ಹಾಗೆ. ಮಳೆಗಾಲದಲ್ಲಿ ಡ್ರೈ ಮೋಡ್ ಸಾಕಾಗುತ್ತದೋ ನೋಡಿ, ಸಾಕಾಗದಿದ್ದರೆ ದಿನಕ್ಕೆ 20 ಲೀಟರ್ ತೆಗೆಯುವ ಡಿಹ್ಯುಮಿಡಿಫೈಯರ್, ಪೈಪನ್ನು ನೇರ ಹೊರಗೆ ಬಿಡಿ. ಬಕೆಟ್ ತುಂಬಿದರೆ ತಾನಾಗಿ ನಿಂತುಬಿಡುತ್ತದೆ, ನೀವು ಅದನ್ನು ಕಾಣುವುದು ಮರುದಿನ. ಬೀರುವಿನಲ್ಲಿ ಇಡುವ ತೇವ ಹೀರುವ ಡಬ್ಬಿಗಳು ಇಷ್ಟು ದೊಡ್ಡ ಕೋಣೆಗೆ ಏನೂ ಅಲ್ಲ.

ರ‍್ಯಾಕ್ ಪ್ಲೈವುಡ್‌ನಲ್ಲಿ ಮಾಡಿಸಬೇಡಿ. ಕರಾವಳಿಯಲ್ಲಿ ಉಬ್ಬುತ್ತದೆ, ಘಟ್ಟದ ಮೇಲೆ ಗೆದ್ದಲು. ಕಬ್ಬಿಣದ ರ‍್ಯಾಕ್‌ಗೆ ಉಪ್ಪುಗಾಳಿ ತಾಗಿದರೆ ಬೆಸುಗೆ ಜಾಗದಿಂದ ತುಕ್ಕು ಶುರು. 18 ಮಿಮೀ ಪಿವಿಸಿ ಫೋಮ್ ಬೋರ್ಡ್ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿದ ಹಲಗೆ), ಬೇಕಾದರೆ ಅಲ್ಯೂಮಿನಿಯಂ ಚೌಕಟ್ಟು, ತಿರುಪು 304 ಸ್ಟೀಲ್. ದೊಡ್ಡ ಹೆಣ್ಣಿಗೆ 85×45 ಸೆಂಮೀ ತಳದ ಟಬ್, ಗಂಡಿಗೆ ಮತ್ತು ಕಾರ್ನ್‌ಗೆ ಸ್ವಲ್ಪ ಸಣ್ಣದಾದರೂ ಅಡ್ಡಿಯಿಲ್ಲ. ಟಬ್ಬಿಗೆ ಮುಚ್ಚಳ ಇಲ್ಲ, ಮೇಲಿನ ಹಲಗೆಯೇ ಮುಚ್ಚಳ, ಹಾಗಾಗಿ ಟಬ್ ಅಂಚಿಗೂ ಹಲಗೆಗೂ ಸಂದಿ 3 ಮಿಮೀ ಮೀರಬಾರದು. ಮೊದಲು ಟಬ್ ಕೊಂಡು, ಅಳೆದು, ಆಮೇಲೆ ಬಡಗಿಗೆ ಅಳತೆ ಕೊಡಿ. ರ‍್ಯಾಕ್ ಮಾಡಿಸಿ ಟಬ್ ಹುಡುಕಿದರೆ ಆ ಅಳತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಟಬ್ಬಿನ ಎರಡು ಬದಿಗೆ 6 ಮಿಮೀ ತೂತು, ಬದಿಗೆ ಹನ್ನೆರಡರಿಂದ ಹದಿನಾರು, ಒಳಗಿನಿಂದ ಹೊರಗೆ ಕೊರೆಯಿರಿ, ಗೀರು ಒಳಗೆ ಉಳಿಯಬಾರದು. ಬೇಸಿಗೆಗೆ ಅರ್ಧ ತೂತಿಗೆ ಟೇಪ್ ಅಂಟಿಸಿದರಾಯಿತು.

ಬಿಸಿ: ಟಬ್ಬಿನ ಹಿಂಭಾಗದ ಮೂರನೇ ಒಂದು ಪಾಲಿನ ಕೆಳಗೆ ಹೀಟ್ ಟೇಪ್ (ಕರೆಂಟ್‌ನಿಂದ ಬಿಸಿಯಾಗುವ ತೆಳು ಪಟ್ಟಿ). ಗುರುತಿನ ಗೆರೆಯಲ್ಲೇ ಕತ್ತರಿಸಿ, ತುದಿಯನ್ನು ನೀರು ಹೋಗದಂತೆ ಮುಚ್ಚಿ. ಟೇಪ್ ಕೂರಲು ಹಲಗೆಯಲ್ಲಿ ತೆಳ್ಳಗೆ ತೋಡು ಕೊರೆಸಿ, ಇಲ್ಲದಿದ್ದರೆ ಟಬ್ ಎಳೆದಾಗಲೆಲ್ಲ ಉಜ್ಜಿ ಸವೆಯುತ್ತದೆ. ಬಾಲ್ ಪೈಥಾನ್‌ಗೆ ಬಿಸಿ ತುದಿ 31-32, ಕಾರ್ನ್‌ಗೆ 29. ಹಾಗಾಗಿ ಎರಡಕ್ಕೆ ಬೇರೆ ಬೇರೆ ರ‍್ಯಾಕ್, ಬೇರೆ ಬೇರೆ ಥರ್ಮೋಸ್ಟ್ಯಾಟ್.

ಜನ ಹೆಚ್ಚು ಎಡವುವುದು ಥರ್ಮೋಸ್ಟ್ಯಾಟ್‌ನಲ್ಲಿ. ಅದರ ಪ್ರೋಬನ್ನು (ಬಿಸಿ ಅಳೆಯುವ ವೈರ್ ತುದಿ) ಟಬ್ಬಿನ ಒಳಗೆ ಇಡಬೇಡಿ. ಹಾವು ಅದನ್ನು ತಳ್ಳುತ್ತದೆ, ಉಚ್ಚೆ ಹೊಯ್ಯುತ್ತದೆ, ಪ್ರೋಬ್ ತಂಪಾಗಿ ಕಂಡರೆ ಯಂತ್ರ ಬಿಸಿ ಕೊಡುತ್ತಲೇ ಇರುತ್ತದೆ. ನಡುವಿನ ಅಂತಸ್ತಿನಲ್ಲಿ, ಟೇಪ್‌ಗೂ ಟಬ್ ತಳಕ್ಕೂ ಮಧ್ಯೆ, ಅಲ್ಯೂಮಿನಿಯಂ ಟೇಪ್ ಹಾಕಿ ಬಿಗಿ ಮಾಡಿ. ಮೇಲಿನ ಅಂತಸ್ತು ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ, ಅದನ್ನು ಬೇರೆ ಥರ್ಮಾಮೀಟರ್‌ನಲ್ಲಿ ನೋಡಿಕೊಂಡು ನಡುವಿನದನ್ನು ಹೊಂದಿಸಿ. ಅಗ್ಗದ ಥರ್ಮೋಸ್ಟ್ಯಾಟ್‌ನ ರಿಲೇ (ಒಳಗಿನ ಸ್ವಿಚ್) ಸಾಯುವಾಗ ಸಾಮಾನ್ಯವಾಗಿ ಅಂಟಿಕೊಂಡು ಸಾಯುತ್ತದೆ, ಅಂದರೆ ಆನ್ ಆಗಿಯೇ ಉಳಿಯುತ್ತದೆ. ಅದಕ್ಕೆ ಎರಡು ಥರ್ಮೋಸ್ಟ್ಯಾಟನ್ನು ಸಾಲಾಗಿ ಜೋಡಿಸಿ: ಮೊದಲನೆಯದು 32ಕ್ಕೆ, ಎರಡನೆಯದು ತನ್ನದೇ ಪ್ರೋಬ್‌ನೊಂದಿಗೆ 35ಕ್ಕೆ ಕಡಿಯುವಂತೆ. ಒಂದು ಅಂಟಿದರೂ ಇನ್ನೊಂದು ನಿಲ್ಲಿಸುತ್ತದೆ. ಕಾರವಾರದಲ್ಲಿ ವೈರ್ ತುದಿ ಹಸಿರುಗಟ್ಟುತ್ತದೆ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ನೀರಿನ ಬಟ್ಟಲು ಚೆಲ್ಲುವ ಜಾಗ ಇದು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದೆ ಸ್ವಿಚ್ ಹಾಕಲೇಬೇಡಿ. ಶಿರಸಿ ಆದರೆ ಅರ್ಥಿಂಗ್ ಅಳೆಸಿ ನೋಡಿ. ಚಿರೇಕಲ್ಲಿನ ನೆಲದಲ್ಲಿ ಬೇಸಿಗೆಗೆ ಗುಂಡಿ ಒಣಗಿ ಅರ್ಥ್ ಸತ್ತಿರುತ್ತದೆ, ಸಿಡಿಲು ಬರುವುದೂ ಆಗಲೇ.

ಬ್ಯಾಟರಿ: ಒಂಬತ್ತು ಟಬ್, ತಲಾ 15 ವ್ಯಾಟ್ ಅಂದರೆ 135. ಥರ್ಮೋಸ್ಟ್ಯಾಟ್ ಅರ್ಧ ಹೊತ್ತು ಕಡಿದಿರುತ್ತದೆ, ಸರಾಸರಿ 60-65. ಇನ್‌ಕ್ಯುಬೇಟರ್, ಫ್ಯಾನ್ ಸೇರಿ 90 ವ್ಯಾಟ್ ಅನ್ನಿ. 12 ವೋಲ್ಟ್ 150 ಆಂಪ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದ್ದರೂ ಕೈಗೆ ಸಿಗುವುದು 1100ರ ಸುಮಾರು. ಹನ್ನೆರಡು ಗಂಟೆ. ಸೈನ್ ವೇವ್ ಇನ್ವರ್ಟರ್ ತಗೊಳ್ಳಿ, ಸ್ಕ್ವೇರ್ ವೇವ್‌ನಲ್ಲಿ ಡಿಮ್ಮರ್ ಮಾದರಿಯ ಥರ್ಮೋಸ್ಟ್ಯಾಟ್ ಹುಚ್ಚಾಟ ಆಡುತ್ತದೆ. ಎಸಿ, ರೇಡಿಯೇಟರ್ ಇದರ ಮೇಲೆ ಓಡುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಲೈನ್ ಹೋದರೂ ಕೋಣೆ 22-23ಕ್ಕಿಂತ ಕೆಳಗಿಳಿಯುವುದಿಲ್ಲ, ದೊಡ್ಡ ಹಾವು ತಡೆದುಕೊಳ್ಳುತ್ತದೆ. ಆ ಎರಡು ದಿನ ಊಟ ಕೊಡಬೇಡಿ, ಅಷ್ಟೇ.

ಮೊಟ್ಟೆಗೆ ಮೀನು ಪೇಟೆಯ ಐಸ್ ಬಾಕ್ಸ್‌ಗಿಂತ ಒಳ್ಳೆ ಇನ್‌ಕ್ಯುಬೇಟರ್ ಈ ಕರಾವಳಿಯಲ್ಲಿ ಇಲ್ಲ. 100 ಲೀಟರಿನದು ತಂದು ವಾಸನೆ ಹೋಗುವ ತನಕ ಬಿಸಿಲಿಗಿಡಿ. ಒಳಗೋಡೆ ಎರಡಕ್ಕೆ ಹೀಟ್ ಟೇಪ್, 12 ವೋಲ್ಟಿನ 80 ಮಿಮೀ ಕಂಪ್ಯೂಟರ್ ಫ್ಯಾನ್, ತಳದಲ್ಲಿ ಎರಡು ಲೀಟರಿನ ನಾಲ್ಕು ನೀರಿನ ಬಾಟಲಿ. ಕರೆಂಟ್ ಹೋದಾಗ ಆ ಎಂಟು ಲೀಟರ್ ನೀರೇ ಬಿಸಿ ಹಿಡಿದಿಡುತ್ತದೆ. ಬಾಲ್ ಪೈಥಾನ್ ಮೊಟ್ಟೆಗೆ 31.5, ಸುಮಾರು 55-60 ದಿನ. ಕಾರ್ನ್‌ಗೆ 27-28, ಅದೂ ಎರಡು ತಿಂಗಳ ಸುಮಾರು. ಪೆಟ್ಟಿಗೆ ಎರಡು ಬೇಕು. ನೆನಪಿಡಿ, ಐಸ್ ಬಾಕ್ಸ್‌ಗೆ ಕಾಯಿಸಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕಾರ್ನ್ ಮೊಟ್ಟೆ ಇಡುವುದು ಏಪ್ರಿಲ್-ಮೇ. ಕೋಣೆ 33 ಇದ್ದರೆ ಪೆಟ್ಟಿಗೆಯ ಒಳಗೂ 33, ಥರ್ಮೋಸ್ಟ್ಯಾಟ್ 28 ಅಂತ ತೋರಿಸಿ ಏನು ಬಂತು? ಬೆನ್ನು ಸೊಟ್ಟಗಾದ ಮರಿ ಬರುವುದು ಹೀಗೆ. ಇನ್‌ಕ್ಯುಬೇಟರ್ ಎಸಿ ಕೋಣೆಯಲ್ಲೋ ಕೆಳಗಿನ ಮನೆಯಲ್ಲೋ ಇರಲಿ.

---

ಮೂರನೇಪುಟ ಅವರ ಉತ್ತರ

ಬಡಗಿಗೆ ಮುಂಗಡ ಕೊಡುವ ಮೊದಲು ಕಾಗದಪತ್ರ.

ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ಕ್ಕೆ 2022ರಲ್ಲಿ ಆದ ತಿದ್ದುಪಡಿ 2023 ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಗಳು ಈಗ ಕಾಯ್ದೆಯ ನಾಲ್ಕನೇ ಶೆಡ್ಯೂಲಿನೊಳಗೆ ಬಂದಿವೆ. ಬಾಲ್ ಪೈಥಾನ್ ಸೈಟಿಸ್‌ನ ಎರಡನೇ ಅನುಬಂಧದ್ದು, ಹಾಗಾಗಿ ಕಲಂ 49-ಎಂ ಪ್ರಕಾರ ನೋಂದಣಿ ಕಡ್ಡಾಯ. ನೋಂದಣಿ ನಿಯಮಗಳು 2024ರ ಫೆಬ್ರವರಿಯಲ್ಲಿ ಬಂದವು, ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ. ಒಮ್ಮೆ ಮಾಡಿ ಮುಗಿಯುವ ಕೆಲಸ ಅಲ್ಲ: ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಪ್ರತಿ ಸಲವೂ ದಾಖಲಾಗಬೇಕು. ಒಂದನೇ ಅನುಬಂಧದ ಪ್ರಾಣಿ ಮರಿ ಮಾಡಿಸುವವರಿಗೆ ಬೇರೆ ಪರವಾನಗಿ ಇದೆ, ನಿಮಗೆ ಅದು ಅನ್ವಯಿಸುವುದಿಲ್ಲ. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಆದರೂ ಕೊಂಡ ರಸೀತಿ ಇಟ್ಟುಕೊಳ್ಳಿ.

ನಮ್ಮ ಕಾಡಿನ ಹಾವು ಈ ಕೋಣೆಗೆ ಬರಲೇಬಾರದು. ಹೆಬ್ಬಾವು, ನಾಗರ, ಕಾಳಿಂಗ ಒಂದನೇ ಶೆಡ್ಯೂಲಿನವು, ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಮಣ್ಣುಮುಕ್ಕ ಹಾವನ್ನು "ಮರಿ ಮಾಡಿಸಿಕೊಡಿ" ಅಂತ ಕೇಳಿಕೊಂಡು ಬರುವವರು ಇದ್ದೇ ಇರ್ತಾರೆ, ಅವರನ್ನು ಅಂಗಳದಿಂದಲೇ ಕಳಿಸಿ.

ಪ್ರತಿ ಹಾವಿನ ಬೆನ್ನಿನ ಚಿತ್ತಾರದ ಫೋಟೊ, ನೋಂದಣಿ ಪ್ರತಿ ಗೋಡೆಗೆ ಹಾಕಿ. ಬಾಲ್ ಪೈಥಾನ್ ತಪ್ಪಿಸಿಕೊಂಡು ಪಕ್ಕದ ಮನೆಯ ಬಚ್ಚಲಲ್ಲಿ ಸಿಕ್ಕರೆ ನೋಡಿದವರು ಹೆಬ್ಬಾವಿನ ಮರಿ ಅಂತಲೇ ಅರಣ್ಯ ಇಲಾಖೆಗೆ ಫೋನ್ ಮಾಡುವುದು, ಅಥವಾ ಮಂಡಲದ ಹಾವು ಅಂತ ದೊಣ್ಣೆ ಎತ್ತುವುದು. ಹೆಚ್ಚಾದ ಮರಿಯನ್ನು ಕಾಡಿಗೆ ಬಿಡುವ ಯೋಚನೆಯನ್ನಂತೂ ಮಾಡಬೇಡಿ.

ಹೊಸ ಹಾವು ಬಂದರೆ 90 ದಿನ ಬೇರೆ ಕೋಣೆ, ಬೇರೆ ಚಿಮಟ, ಕೊನೆಯಲ್ಲಿ ಅದರ ಕೆಲಸ. ಪೈಥಾನ್‌ಗಳಲ್ಲಿ ನಿಡೊವೈರಸ್ (ಶ್ವಾಸಕೋಶಕ್ಕೆ ತಗಲುವ ವೈರಸ್), ಕಾರ್ನ್‌ಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ (ಹೊಟ್ಟೆಯ ಪರಾವಲಂಬಿ) ಒಮ್ಮೆ ರ‍್ಯಾಕ್‌ಗೆ ಹೊಕ್ಕರೆ ತೆಗೆಯುವುದು ಕಷ್ಟ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಸರೀಸೃಪ ನೋಡುವವರು ಯಾರು ಅಂತ ಈಗಲೇ ವಿಚಾರಿಸಿಡಿ, ಹಾವು ನೊರೆ ಕಾರುವಾಗ ಅಲ್ಲ.

---

ಹಂಚಿನಮಾಡು

ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಮನೆಯವರು ವರ್ಷವಿಡೀ ಇರುವುದು ಶಿರಸಿಯಲ್ಲೇ, ಹಾಗಾಗಿ ಮಹಡಿಯೇ ಅಂತ ಆಯಿತು. ಬಾಲ್ ಪೈಥಾನ್ ನೋಂದಣಿ ಆಗಿದೆ. ಎರಡು ಸಂಶಯ ಉಳಿದಿದೆ. ಇಲಿ ಮನೆಯಲ್ಲೇ ಬೆಳೆಸಬೇಕಾ, ಎಷ್ಟು ಬೇಕು? ಟಬ್ಬಿನ ಹಾಸಿಗೆ ತೋಟದ ದರಕು (ಒಣಗಿದ ಎಲೆ), ತೆಂಗಿನ ನಾರಿನ ಪುಡಿ ಆಗುತ್ತದಾ?

---

ಇಲಿಗೂಡು ಅವರ ಉತ್ತರ

ದರಕು ಬೇಡ. ಇರುವೆ, ಉಣ್ಣಿ ಒಳಗೆ ಬರುತ್ತವೆ, ಮತ್ತೆ ನೀವಿರುವುದು ಸಿದ್ದಾಪುರದ ಬದಿ, ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಸೀಮೆ. ಕಾಡಂಚಿನ ಎಲೆ ಹೊತ್ತು ಮನೆ ಮಹಡಿಗೆ ತರುವ ಕೆಲಸವೇ ಬೇಡ. ನಾರಿನ ಪುಡಿ ಆಗುತ್ತದೆ, ಎರಡು ಸಲ ತೊಳೆದು ಉಪ್ಪು ತೆಗೆದು ಪೂರ್ತಿ ಒಣಗಿಸಿ, ನವೆಂಬರ್‌ನಿಂದ ಮೇ ತನಕ ಮಾತ್ರ. ಮಳೆಗಾಲಕ್ಕೆ ಅಚ್ಚಾಗದ ನ್ಯೂಸ್‌ಪ್ರಿಂಟ್ ಕಾಗದ, ಒದ್ದೆಯಾದದ್ದು ಕಣ್ಣಿಗೆ ಕಾಣುತ್ತದೆ, ಎಳೆದು ಬಿಸಾಡಬಹುದು. ಪೊರೆ ಬಿಡುವ ಹಾವಿಗೆ ಮಾತ್ರ ಒಂದು ಡಬ್ಬಿಯಲ್ಲಿ ತೇವದ ನಾರು ಇಡಿ.

ಇಲಿ ವಿಷಯಕ್ಕೆ ದೊಡ್ಡ ಹಾವಿನ ಲೆಕ್ಕ ಹಾಕಿ ಕೂತರೆ ಕೆಟ್ಟಿರಿ. ಆರು ಬಾಲ್ ಪೈಥಾನ್‌ಗೆ ಹತ್ತು-ಹದಿನಾಲ್ಕು ದಿನಕ್ಕೊಂದರಂತೆ ತಿಂಗಳಿಗೆ ಹದಿನೈದು ಇಲಿ, ಮೂರು ಕಾರ್ನ್‌ಗೆ ಹತ್ತು ಸುಂಡಿಲಿ (ಸಣ್ಣ ಜಾತಿಯ ಇಲಿ, ಮೌಸ್). ಇದು ಏನೂ ಅಲ್ಲ, ಒಂದು ಗಂಡು ಮೂರು ಹೆಣ್ಣಿನ ಇಲಿ ಗುಂಪು, ಒಂದು ಗಂಡು ನಾಲ್ಕು ಹೆಣ್ಣಿನ ಸುಂಡಿಲಿ ಟಬ್ ಒಂದು, ಸಾಕು. ಮರಿ ಲೆಕ್ಕ ನೋಡಿ: ನಾಲ್ಕು ಬಾಲ್ ಪೈಥಾನ್ ಹೆಣ್ಣು ತಲಾ ಆರು ಮೊಟ್ಟೆ ಇಟ್ಟರೆ 24. ಎರಡು ಕಾರ್ನ್ ತಲಾ ಹದಿನಾಲ್ಕು ಇಟ್ಟರೆ 28. ಐವತ್ತೆರಡು ಸಣ್ಣ ಡಬ್ಬಿ, ಐವತ್ತೆರಡು ನೀರಿನ ಬಟ್ಟಲು, ಒಂದರಲ್ಲಿ ಒಂದೇ ಮರಿ. ಕಾರ್ನ್ ಮರಿಗೆ ಐದಾರು ದಿನಕ್ಕೊಂದು ಕಣ್ಣು ಬಿಡದ ಸುಂಡಿಲಿ ಮರಿ, ಅಂದರೆ ತಿಂಗಳಿಗೆ 150ರ ಹತ್ತಿರ. ಬಾಲ್ ಪೈಥಾನ್ ಮರಿಗೆ ವಾರಕ್ಕೊಂದು ಕೂದಲು ಬಂದ ಮರಿ, ತಿಂಗಳಿಗೆ 100. ಒಂದು ಸುಂಡಿಲಿ ಟಬ್ ತಿಂಗಳಿಗೆ ಮೂವತ್ತು ಮರಿ ಕೊಟ್ಟರೆ ದೊಡ್ಡದು. ಹಾಗಾಗಿ ಫೆಬ್ರವರಿಯಿಂದಲೇ ಮರಿ ತೆಗೆದು ಫ್ರೀಜರ್‌ಗೆ ಹಾಕುತ್ತಾ ಬನ್ನಿ, ಇಲ್ಲವೇ ಮೊದಲ ವರ್ಷ ಎರಡೇ ಹೆಣ್ಣನ್ನು ಜೋಡಿ ಮಾಡಿ. ನನ್ನ ಕೇಳಿದರೆ ಎರಡನೆಯದೇ ಸರಿ. ಬಾಲ್ ಪೈಥಾನ್ ಹೆಣ್ಣು 1500 ಗ್ರಾಂ ದಾಟದಿದ್ದರೆ ಈ ವರ್ಷ ಜೋಡಿ ಬೇಡವೇ ಬೇಡ.

ಫ್ರೀಜರ್ ಮೈನಸ್ 18, ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿ. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದಿದ್ದರೆ ಒಂದು ದಿನ ಕರೆಂಟ್ ಇಲ್ಲದೆಯೂ ತಡೆಯುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಕೊಡುವಾಗ ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಚೀಲದೊಳಗೆ ಹಾಕಿ 40 ಡಿಗ್ರಿ ನೀರಿನಲ್ಲಿ ಬೆಚ್ಚಗೆ ಮಾಡಿ. ಜೀವಂತ ಇಲಿ ಬಿಟ್ಟು ಹೋದರೆ ಹಾವಿನ ಬೆನ್ನು ಕಚ್ಚಿ ಹಾಕುತ್ತದೆ. ಅಟ್ಟದಲ್ಲಿ ಬೋನಿಗೆ ಬಿದ್ದ ಇಲಿಯನ್ನು ಎಂದೂ ಕೊಡಬೇಡಿ, ತೋಟದಲ್ಲಿ ಯಾರು ಯಾವ ಪಾಷಾಣ ಇಟ್ಟಿದ್ದಾರೋ ಗೊತ್ತಿರುವುದಿಲ್ಲ, ಮುಟ್ಟುವ ನಿಮಗೆ ಇಲಿಜ್ವರದ ಭಯ ಬೇರೆ.

ಇಲಿ ಗೂಡು ಹಾವಿನ ಕೋಣೆಯಲ್ಲಿ ಇಡಬಾರದು. ಉಚ್ಚೆಯ ಅಮೋನಿಯಾ ಹಾವಿನ ಶ್ವಾಸಕೋಶಕ್ಕೂ ಕೆಟ್ಟದ್ದು, ವಾಸನೆಗೆ ಹಾವು ಇಡೀ ದಿನ ಟಬ್ ಗುದ್ದುತ್ತಿರುತ್ತದೆ. ಕೊಟ್ಟಿಗೆ ಬದಿಗೆ, ಬಾವಿಯಿಂದ ದೂರ, 6 ಮಿಮೀ ಮೆಶ್ ಕಟ್ಟಿದ ಜಾಗದಲ್ಲಿಡಿ. ಇಲಿ ವಾಸನೆಗೆ ಹೊರಗಿನ ನಾಗರ, ಕೇರೆ ಬರುತ್ತವೆ, ರಾತ್ರಿ ಟಾರ್ಚ್ ಇಲ್ಲದೆ ಹೋಗಬೇಡಿ.

ಇರುವೆಗೆ ರ‍್ಯಾಕ್‌ನ ಪ್ರತಿ ಕಾಲೂ ಎಣ್ಣೆ ಬಟ್ಟಲಲ್ಲಿ. ನೀರಾದರೆ ನಾಲ್ಕು ದಿನಕ್ಕೆ ಆರುತ್ತದೆ, ಸೊಳ್ಳೆಯೂ ಆಗುತ್ತದೆ. ಸಣ್ಣ ಕೆಂಪಿರುವೆ ಇನ್‌ಕ್ಯುಬೇಟರ್ ಹೊಕ್ಕರೆ ಒಡೆಯುತ್ತಿರುವ ಮೊಟ್ಟೆಯನ್ನೇ ಮೊದಲು ಹುಡುಕುವುದು. ಹಾವಿನ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇ ಏನೂ ಬೇಡ.

---

ಘಟ್ಟದಮೇಲೆ

ಮಹಡಿ ಅಂತಾದರೆ ತಿಂಗಳುಗಳನ್ನೂ ಒಮ್ಮೆ ನೋಡಿಕೊಳ್ಳಿ. ಬಾಲ್ ಪೈಥಾನ್ ಜೋಡಿ ನವೆಂಬರ್‌ನಿಂದ ಮಾರ್ಚ್. ಅಂಡ ಬಿಟ್ಟಾಗ ಹೆಣ್ಣಿನ ನಡು ಒಂದು ದಿನ ಇಲಿ ನುಂಗಿದ ಹಾಗೆ ಉಬ್ಬುತ್ತದೆ, ಎರಡು-ಮೂರು ವಾರಕ್ಕೆ ಪೊರೆ, ಪೊರೆ ಬಿಟ್ಟು ಸುಮಾರು 30 ದಿನಕ್ಕೆ ಮೊಟ್ಟೆ. ಹೀಗಾಗಿ ಮೊಟ್ಟೆ ಏಪ್ರಿಲ್-ಮೇನಲ್ಲಿ ಬಿದ್ದು, ಮರಿ ಜೂನ್-ಜುಲೈನಲ್ಲಿ ಒಡೆಯುತ್ತವೆ. ಕರೆಂಟ್ ಅತಿ ಹೆಚ್ಚು ಹೋಗುವ, ಬೂಸ್ಟು ಅತಿ ಹೆಚ್ಚು ಬರುವ ತಿಂಗಳಲ್ಲೇ ನಿಮ್ಮ ಅತಿ ನಾಜೂಕಿನ ಕೆಲಸ. ಸೀಲಿಂಗ್, ವೈರಿಂಗ್, ಬ್ಯಾಟರಿ ಎಲ್ಲ ಮುಗಿದು ಒಂದು ಮಳೆಗಾಲ ಖಾಲಿ ಕೋಣೆ ಓಡಿಸಿ, ತೇವ ಮತ್ತು ಬಿಸಿ ಬರೆದಿಟ್ಟು, ಆಮೇಲೆ ಜೋಡಿ ಮಾಡುವುದು ಸರಿ.

ಮೊಟ್ಟೆಯ ಡಬ್ಬಿಯಲ್ಲಿ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ಮತ್ತು ನೀರು ತೂಕದಲ್ಲಿ ಸಮ, 300 ಗ್ರಾಂಗೆ 300 ಎಂಎಲ್. ಕೈಯಲ್ಲಿ ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿ ಮೇಲೆ ಮೊಟ್ಟೆ. ತೆಗೆಯುವಾಗಲೇ ಮೇಲ್ಬದಿಗೆ ಪೆನ್ಸಿಲ್ ಗುರುತು ಹಾಕಿ, ಮಗುಚಿದರೆ ಭ್ರೂಣ ಸಾಯಬಹುದು. ಅಂಟಿಕೊಂಡ ಮೊಟ್ಟೆ ಬಿಡಿಸಬೇಡಿ, ನಡುವೆ ಒಂದು ಕೆಟ್ಟು ಬೂಸ್ಟು ಬಂದರೂ ಪಕ್ಕದವು ಬಹುಮಟ್ಟಿಗೆ ಬದುಕುತ್ತವೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಂದು ನಿಮಿಷ ಗಾಳಿ, ಕೊನೆಯ ಎರಡು ವಾರ ಎರಡು-ಮೂರು ಸಲ. ಮುಚ್ಚಳದ ಒಳಗಿನ ಹನಿ ಮೊಟ್ಟೆ ಮೇಲೆ ಬೀಳದಂತೆ ಡಬ್ಬಿಯನ್ನು ಸ್ವಲ್ಪ ಓರೆಯಾಗಿಡಿ. ಮೊಟ್ಟೆ ಸೀಳಿದ ಮೇಲೆ ಮರಿ ಒಂದೆರಡು ದಿನ ತಲೆ ಮಾತ್ರ ಹೊರಗಿಟ್ಟು ಕೂರುತ್ತದೆ, ಹಳದಿ ಹೀರಿಕೊಳ್ಳುತ್ತಿರುತ್ತದೆ. ಎಳೆಯಬೇಡಿ. ಮೊದಲ ಪೊರೆ ಬಿಟ್ಟ ಮೇಲೆ ಮೊದಲ ಊಟ, ಅದಕ್ಕೆ ಮೊದಲು ಕೊಟ್ಟರೆ ಸಾಮಾನ್ಯವಾಗಿ ತಿನ್ನುವುದಿಲ್ಲ.

ಮರಿಗಳ ರ‍್ಯಾಕ್‌ನಲ್ಲಿ ಜುಲೈಗೆ ಕಾಗದ ಎರಡು ದಿನಕ್ಕೊಮ್ಮೆ ಬದಲಿಸಿ. ನೀರಿನ ಬಟ್ಟಲು ತಂಪು ತುದಿಯಲ್ಲಿರಲಿ, ಬಿಸಿ ಬದಿಗೆ ಇಟ್ಟರೆ ಅಷ್ಟು ಸಣ್ಣ ಡಬ್ಬಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಗೋಡೆಯೆಲ್ಲ ಬೆವರುತ್ತದೆ.